ಮುತ್ತಜ್ಜನ ದಾಖಲೆಯ ಲಿಂಕ್ ಎಷ್ಟು ದಿನ ಬಾಳುತ್ತದೆ?

ವಂಶವೃಕ್ಷ ಅಂದರೆ ಬೆಂಗಳೂರಿನ ಸುತ್ತಮುತ್ತ ಮೊದಲು ನೆನಪಾಗುವುದು ನಾಡಕಚೇರಿ. ಪೌತಿ ಖಾತೆ ಆಗಬೇಕು, ಪಾಲು ಆಗಬೇಕು, ಪರಿಹಾರದ ದುಡ್ಡು ಬರಬೇಕು ಅಂದರೆ ಆ ಕಾಗದ ಬೇಕೇ ಬೇಕು. ಈಚೆಗೆ ಇನ್ನೊಂದು ಥರದ ಜನ ಜಾಸ್ತಿಯಾಗಿದ್ದಾರೆ. ಇವರಿಗೆ ಸೈಟೂ ಬೇಡ, ಖಾತೆಯೂ ಬೇಡ. ಮುತ್ತಜ್ಜ ಯಾವ ಊರಿಂದ ಬಂದ, ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಏನು ಕೆಲಸ ಮಾಡುತ್ತಿದ್ದ, ಮನೆತನದ ಹೆಸರು ಎಲ್ಲಿಂದ ಬಂತು ಅಂತ ಗೊತ್ತಾದರೆ ಸಾಕು. ರಾತ್ರಿ ಊಟ ಮುಗಿಸಿ ಲ್ಯಾಪ್‌ಟಾಪ್ ಮುಂದೆ ಕೂರುತ್ತಾರೆ. ಏನಾದರೂ ಸಿಕ್ಕಿತೋ, ಕುಟುಂಬದ ವಾಟ್ಸಾಪ್ ಗ್ರೂಪಿಗೆ ಲಿಂಕ್ ಬೀಳುತ್ತದೆ. "ಚಿಕ್ಕಪ್ಪ, ಇಲ್ಲಿ ನೋಡಿ, ತಾತನ ಅಪ್ಪನ ಹೆಸರು ಇದೆ." ಎಲ್ಲರೂ ಕೈಮುಗಿಯುವ ಎಮೋಜಿ ಹಾಕುತ್ತಾರೆ. ನಾಲ್ಕೈದು ವರ್ಷದ ಮೇಲೆ ಅಮೆರಿಕದಲ್ಲಿರುವ ಮೊಮ್ಮಗಳು ಅದೇ ಲಿಂಕ್ ಒತ್ತಿದರೆ "ಪುಟ ಸಿಗಲಿಲ್ಲ" ಅಂತ ಬರುತ್ತದೆ.

ಇದು ಯಾರೋ ಒಬ್ಬರ ದುರದೃಷ್ಟ ಅಲ್ಲ. ಅಮೆರಿಕದ ಸಮೀಕ್ಷಾ ಸಂಸ್ಥೆ ಪ್ಯೂ ರಿಸರ್ಚ್ ಸೆಂಟರ್ 2024ರಲ್ಲಿ ಒಂದು ಲೆಕ್ಕ ಕೊಟ್ಟಿತು. 2013ರಲ್ಲಿ ಇದ್ದ ವೆಬ್ ಪುಟಗಳಲ್ಲಿ ಶೇ. 38ರಷ್ಟು, ಹತ್ತು ವರ್ಷ ಆಗುವಷ್ಟರಲ್ಲಿ ತೆರೆಯದಂತಾಗಿದ್ದವು. ವಿಕಿಪೀಡಿಯದ ಶೇ. 54ರಷ್ಟು ಪುಟಗಳ ಉಲ್ಲೇಖಗಳಲ್ಲಿ ಕಡೇಪಕ್ಷ ಒಂದಾದರೂ ಸತ್ತ ಲಿಂಕ್ ಇತ್ತು. ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪುಗಳಿಗೂ ಇದೇ ಪಾಡು. ತೀರ್ಪುಗಳಲ್ಲಿ ಕೊಟ್ಟ ಲಿಂಕ್‌ಗಳ ಪೈಕಿ ಸುಮಾರು ಅರ್ಧ ಮೊದಲು ತೋರಿಸಿದ್ದನ್ನು ಈಗ ತೋರಿಸುತ್ತಿಲ್ಲ ಅಂತ 2014ರಲ್ಲಿ ಹಾರ್ವರ್ಡ್‌ನವರು ಬರೆದರು. ಕೋರ್ಟಿನ ಕಥೆಯೇ ಹೀಗಾದರೆ ನಮ್ಮ ಗ್ರೂಪಿನ ಲಿಂಕ್ ಯಾವ ಲೆಕ್ಕ?

ಇಷ್ಟಾದರೂ ಮನೆತನದ ಚರಿತ್ರೆ ಬರೆಯುವವರು ಲಿಂಕನ್ನೇ ಪುರಾವೆ ಅಂದುಕೊಂಡಿದ್ದಾರೆ. ಲಿಂಕ್ ತೋರಿಸುವುದು ದಾಖಲೆಯನ್ನಲ್ಲ. ಆ ದಾಖಲೆಯ ಚಿತ್ರವನ್ನು ಇವತ್ತು ಯಾವ ಸಾಫ್ಟ್‌ವೇರ್ ಯಾವ ಜಾಗದಲ್ಲಿ ಇಟ್ಟಿದೆ ಅನ್ನುವುದನ್ನು ಮಾತ್ರ ಅದು ಹೇಳುತ್ತದೆ. ಸಾಫ್ಟ್‌ವೇರ್ ಬದಲಾದರೆ ವಿಳಾಸವೂ ಬದಲು. ಕಡತ ಮಾತ್ರ ಬೀರುವಿನಲ್ಲಿ ಇದ್ದ ಹಾಗೇ ಇರುತ್ತದೆ.

ಒಂದು ವಿಳಾಸವನ್ನು ಬಿಚ್ಚಿ ನೋಡೋಣ. ರಾಷ್ಟ್ರೀಯ ಪತ್ರಾಗಾರದ ಪೋರ್ಟಲ್ ಅಭಿಲೇಖ್ ಪಟಲ್. ಬೆಂಗಳೂರಿನವರಿಗೆ ಇದು ಬಹಳ ಮುಖ್ಯ. ಬ್ರಿಟಿಷ್ ಕಾಲದಲ್ಲಿ ಮೈಸೂರು ಸಂಸ್ಥಾನದ ಜೊತೆ ನಡೆದ ಪತ್ರವ್ಯವಹಾರ, ದಂಡಿನ ಆಡಳಿತದ ಕಡತಗಳು, ನೌಕರಿ, ಪಿಂಚಣಿ, ಜಮೀನಿನ ತಕರಾರು ಇಂಥವೆಲ್ಲ ದೆಹಲಿಯ ಕಡತಗಳಲ್ಲಿ ಹರಡಿಕೊಂಡಿವೆ. ಈ ಪೋರ್ಟಲ್‌ನ ಹಳೆಯ ವಿಳಾಸಗಳಲ್ಲಿ ಸೈಟಿನ ಹೆಸರಾದ ಮೇಲೆ 'ಜೆಎಸ್‌ಪಿಯುಐ' ಅಂತ ಇರುತ್ತಿತ್ತು. ಆಮೇಲೆ 'ಹ್ಯಾಂಡಲ್', ಆಮೇಲೆ 123456789, ಕೊನೆಗೆ ಕಡತದ ಒಂದು ನಂಬರ್.

ಜೆಎಸ್‌ಪಿಯುಐ ಅನ್ನುವುದು ಡಿಸ್ಪೇಸ್ ಎಂಬ ಸಾಫ್ಟ್‌ವೇರಿನ ಒಂದು ಹಳೆಯ ಮುಖ. ಎಂಐಟಿಯ ಗ್ರಂಥಾಲಯ ಮತ್ತು ಎಚ್‌ಪಿ ಕಂಪನಿ ಸೇರಿ 2002ರಲ್ಲಿ ಬಿಟ್ಟ ಈ ಸಾಫ್ಟ್‌ವೇರನ್ನು ನಮ್ಮ ದೇಶದ ಎಷ್ಟೋ ಗ್ರಂಥಾಲಯಗಳು ಪುಕ್ಕಟೆ ಬಳಸುತ್ತವೆ. 2021ರಲ್ಲಿ ಅದರ ಏಳನೇ ಆವೃತ್ತಿ ಬಂದಾಗ ಜೆಎಸ್‌ಪಿಯುಐ ಅನ್ನೇ ಕೈಬಿಟ್ಟರು. ಅಂದರೆ ಯಾವ ಸಂಸ್ಥೆ ಹೊಸ ಆವೃತ್ತಿಗೆ ಹೋದರೂ, ಹಳೆಯ ವಿಳಾಸವನ್ನು ಹೊಸದಕ್ಕೆ ತಿರುಗಿಸುವ ಏರ್ಪಾಡನ್ನು ಬೇರೆಯಾಗಿ ಮಾಡಲೇಬೇಕು. ಮಾಡದಿದ್ದರೆ ಪುಸ್ತಕಗಳ ಅಡಿಟಿಪ್ಪಣಿಯಲ್ಲಿ ಕೂತಿರುವ ಅಂಥ ಲಿಂಕ್‌ಗಳೆಲ್ಲ ಒಂದೇ ಏಟಿಗೆ ಹೋದವು.

123456789 ಇನ್ನೂ ಮಜಾ ಇದೆ. ಹ್ಯಾಂಡಲ್ ಅನ್ನುವುದು ಶಾಶ್ವತ ನಂಬರ್ ಕೊಡುವ ಒಂದು ಅಂತರರಾಷ್ಟ್ರೀಯ ವ್ಯವಸ್ಥೆ. ಸಂಸ್ಥೆ ನೋಂದಾಯಿಸಿಕೊಂಡರೆ ಅದಕ್ಕೇ ಅಂತ ಒಂದು ಪೂರ್ವಸಂಖ್ಯೆ ಸಿಗುತ್ತದೆ. ನೋಂದಾಯಿಸದೆ ಬಿಟ್ಟರೆ ಡಿಸ್ಪೇಸ್ ತನ್ನಷ್ಟಕ್ಕೆ 123456789 ಅಂತ ತುಂಬಿಕೊಳ್ಳುತ್ತದೆ. ಸುಮ್ನೆ ಜಾಗ ತುಂಬಲು ಇಟ್ಟ ನಂಬರ್ ಅದು. ನೋಡಲು ಶಾಶ್ವತ ಲಿಂಕ್ ಥರವೇ ಕಾಣುತ್ತದೆ, ಹಿಂದೆ ಯಾವ ನೋಂದಣಿಯೂ ಇಲ್ಲ. ಇದಕ್ಕೆ ಎದುರಾಗಿ ಶೋಧಗಂಗಾ ನೋಡಿ. ದೇಶದ ಪಿಎಚ್‌ಡಿ ಪ್ರಬಂಧಗಳನ್ನು ಇಡುವ ಈ ತಾಣವೂ ಡಿಸ್ಪೇಸ್ ಮೇಲೆಯೇ ನಿಂತದ್ದು. ಆದರೆ ಅವರು ನೋಂದಾಯಿಸಿಕೊಂಡು 10603 ಅನ್ನುವ ಪೂರ್ವಸಂಖ್ಯೆ ಪಡೆದಿದ್ದಾರೆ. ನಾಳೆ ಅವರ ಸೈಟಿನ ವಿಳಾಸ ಬದಲಾದರೂ, ಹ್ಯಾಂಡಲ್ ವ್ಯವಸ್ಥೆಗೆ ಹೊಸ ವಿಳಾಸ ತಿಳಿಸಿದರೆ ಹಳೆಯ ಲಿಂಕ್ ನಡೆಯುತ್ತದೆ. ಸಾಫ್ಟ್‌ವೇರ್ ಒಂದೇ, ದುಡ್ಡಿನ ವ್ಯತ್ಯಾಸವೂ ಅಷ್ಟಿಲ್ಲ. ಒಬ್ಬರು ಶುರುವಿನಲ್ಲೇ ಯೋಚನೆ ಮಾಡಿದರು, ಅಷ್ಟೇ.

ಹಾಗಾಗಿ ಯಾವುದೇ ಲಿಂಕ್ ನಕಲು ಮಾಡಿಕೊಳ್ಳುವ ಮುಂಚೆ ಅದನ್ನು ಒಮ್ಮೆ ಓದಿ ನೋಡುವುದು ಒಳ್ಳೆಯದು. 123456789 ಕಂಡರೆ, ಪ್ರಶ್ನಾರ್ಥಕ ಚಿಹ್ನೆ ಆದ ಮೇಲೆ 'ಸೆಷನ್' ಅಂತ ಇದ್ದರೆ, ನೀವು ಹುಡುಕಿದ ಪದವೇ ವಿಳಾಸದಲ್ಲಿ ಕೂತಿದ್ದರೆ, ಅದರ ಆಯಸ್ಸು ಕಡಿಮೆ ಅಂತ ತಿಳಿಯಬಹುದು.

ನಂಬರ್ ಒಂದನ್ನು ಉಳಿಸಿಕೊಂಡರೆ ಏನು ಲಾಭ ಅನ್ನುವುದಕ್ಕೆ ಬೆಂಗಳೂರಿನದೇ ದೊಡ್ಡ ಉದಾಹರಣೆ ಇದೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ, ಅಂದರೆ ಡಿಎಲ್‌ಐ. 2000ದ ದಶಕದಲ್ಲಿ ನಮ್ಮ ಟಾಟಾ ಇನ್ಸ್‌ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆ, ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಜೊತೆ ಸೇರಿ ನಡೆಸಿದ ಕೆಲಸ. ಲಕ್ಷಗಟ್ಟಲೆ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿದರು. ಹಳೆಯ ಗ್ಯಾಸೆಟಿಯರ್‌ಗಳು, ವರದಿಗಳು, ಕನ್ನಡ ಪುಸ್ತಕಗಳು ಹೀಗೆ ಮನೆತನ ಹುಡುಕುವವರಿಗೆ ಬೇಕಾದ ಸರಕು ತುಂಬ ಇತ್ತು. ಶೀರ್ಷಿಕೆಗಳನ್ನು ಟೈಪ್ ಮಾಡಿದ ರೀತಿ ಮಾತ್ರ ದೇವರಿಗೇ ಪ್ರೀತಿ. ಕನ್ನಡದ ಹೆಸರುಗಳು ಇಂಗ್ಲಿಷಿನಲ್ಲಿ ಗುರುತೇ ಸಿಗದ ಹಾಗೆ ಇರುತ್ತಿದ್ದವು. ಕೃತಿಸ್ವಾಮ್ಯದ ತಕರಾರು ಎದ್ದು 2017ರ ಹೊತ್ತಿಗೆ ಆ ಸೈಟ್ ಮುಚ್ಚಿತು. ಅದಕ್ಕೆ ಕೊಟ್ಟಿದ್ದ ಲಿಂಕ್ ಒಂದೂ ಉಳಿಯಲಿಲ್ಲ.

ಅಷ್ಟರಲ್ಲಿ ಪುಸ್ತಕಗಳ ಪ್ರತಿಗಳು ಇಂಟರ್ನೆಟ್ ಆರ್ಕೈವ್ ಅನ್ನುವ ಪುಕ್ಕಟೆ ಡಿಜಿಟಲ್ ಗ್ರಂಥಾಲಯಕ್ಕೆ ಹೋಗಿದ್ದವು. ಅಲ್ಲಿ ಪ್ರತಿ ಪುಸ್ತಕದ ಗುರುತು 'ಇನ್.ಅರ್ನೆಟ್.ಡಿಎಲ್‌ಐ.2015' ಅಂತ ಶುರುವಾಗುತ್ತದೆ, ಕೊನೆಗೆ ಒಂದು ಸಂಖ್ಯೆ. ಆ ಸಂಖ್ಯೆ ಡಿಎಲ್‌ಐನ ಹಳೆಯ ವಿಳಾಸದ ಬಾಲದಲ್ಲಿದ್ದ ಸಂಖ್ಯೆಯೇ. ಹಾಗಾಗಿ ಯಾರ ನೋಟ್‌ಬುಕ್ಕಿನಲ್ಲಿ ಹಳೆಯ ಲಿಂಕ್ ಪೂರ್ತಿ ಇದೆಯೋ ಅವರು ಬಾಲ ಕಿತ್ತು ಇಲ್ಲಿ ಜೋಡಿಸಿ ಪುಸ್ತಕ ಹುಡುಕಬಹುದು. ಪುಸ್ತಕದ ಹೆಸರು ಮಾತ್ರ ಬರೆದುಕೊಂಡವರು ಆ ವಿಚಿತ್ರ ಕಾಗುಣಿತದ ಜೊತೆ ಗುದ್ದಾಡಬೇಕು.

ಸೈಟ್ ಮುಚ್ಚಲು ಯಾರೋ ತೀರ್ಮಾನ ಮಾಡಬೇಕು ಅಂತೇನೂ ಇಲ್ಲ. 2023ರ ಅಕ್ಟೋಬರ್ ಕೊನೆಗೆ ಲಂಡನ್ನಿನ ಬ್ರಿಟಿಷ್ ಲೈಬ್ರರಿ ಮೇಲೆ ರೈಸಿಡಾ ಅನ್ನುವ ಸೈಬರ್ ಗ್ಯಾಂಗ್ ದಾಳಿ ಮಾಡಿತು. 20 ಬಿಟ್‌ಕಾಯಿನ್ ಕೇಳಿದರು, ಲೈಬ್ರರಿ ಕೊಡಲಿಲ್ಲ, ಸುಮಾರು 600 ಜಿಬಿ ಮಾಹಿತಿ ಹೊರಬಿತ್ತು. ವೆಬ್‌ಸೈಟ್ ಪೂರ್ತಿ ನೆಲಕಚ್ಚಿತು. ಮುಖ್ಯ ಕ್ಯಾಟಲಾಗ್ ಮರಳಿದ್ದು 2024ರ ಜನವರಿಯಲ್ಲಿ. ಸ್ಕ್ಯಾನ್ ಮಾಡಿದ ಹಸ್ತಪ್ರತಿಗಳು ಬರಲು ಇನ್ನೂ ಬಹಳ ಕಾಲ ಹಿಡಿಯಿತು.

ಇದರಿಂದ ಬೆಂಗಳೂರಿಗೆ ಏನು ಅಂತೀರಾ? ಬ್ರಿಟಿಷರು ಭಾರತದ ಆಡಳಿತಕ್ಕೆ ಲಂಡನ್ನಿನಲ್ಲಿ ಇಟ್ಟಿದ್ದ ಇಂಡಿಯಾ ಆಫೀಸ್ ಎಂಬ ಇಲಾಖೆಯ ದಾಖಲೆಗಳು ಇರುವುದು ಅಲ್ಲೇ. ನಮ್ಮ ದಂಡು ಶುರುವಾದದ್ದು 1809ರಲ್ಲಿ, ಮದ್ರಾಸ್ ಸೈನ್ಯದ ಕೆಳಗೆ. ಇಲ್ಲಿನ ಚರ್ಚುಗಳಲ್ಲಿ ಬರೆದ ದೀಕ್ಷಾಸ್ನಾನ, ಮದುವೆ, ಸಮಾಧಿಯ ವಿವರಗಳ ನಕಲು ಮದ್ರಾಸಿನ ಮೂಲಕ ಲಂಡನ್ನಿಗೆ ಹೋಗುತ್ತಿತ್ತು. ಅವುಗಳ ಸರಣಿಯ ಗುರುತು 'ಎನ್/2'. ಬಂಗಾಳದ್ದು ಎನ್/1, ಬೊಂಬಾಯಿಯದು ಎನ್/3. ರಿಚ್‌ಮಂಡ್ ಟೌನ್, ಕುಕ್ ಟೌನ್, ವೈಟ್‌ಫೀಲ್ಡ್ ಕಡೆಯ ಆಂಗ್ಲೋ-ಇಂಡಿಯನ್ ಮನೆಗಳಿಗೆ ಹಳೆಯ ತಲೆಮಾರು ಹುಡುಕಲು ಇದೇ ದೊಡ್ಡ ದಾರಿ. ದಾಳಿ ಆದಾಗ ಬ್ರಿಟಿಷ್ ಲೈಬ್ರರಿಯ ಲಿಂಕ್ ಮಾತ್ರ ಇಟ್ಟುಕೊಂಡವರ ಕೈ ಖಾಲಿ. 'ಎನ್/2, ಇಂತಿಷ್ಟನೇ ಸಂಪುಟ, ಇಂತಿಷ್ಟನೇ ಹಾಳೆ' ಅಂತ ಬರೆದುಕೊಂಡವರಿಗೆ ಇನ್ನೊಂದು ಬಾಗಿಲು ಇತ್ತು. 2014ರಲ್ಲೇ ಫೈಂಡ್‌ಮೈಪಾಸ್ಟ್ ಅನ್ನುವ ಸೈಟ್ ಈ ಪುಸ್ತಕಗಳ ಚಿತ್ರಗಳನ್ನು ಹಾಕಿತ್ತು. ಅದಕ್ಕೆ ದುಡ್ಡು ಕೊಡಬೇಕು ನಿಜ, ಆದರೆ ಹಾಳೆ ಅದೇ.

ಇನ್ನು ಹೆಸರು ಬದಲಾಗುವ ರೋಗ. ಇದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಕರ್ನಾಟಕ ಸರ್ಕಾರದ ಎಷ್ಟೋ ಇಲಾಖೆಗಳ ಸೈಟ್ ಮೊದಲು 'ಕೆಎಆರ್ ಡಾಟ್ ಎನ್‌ಐಸಿ ಡಾಟ್ ಇನ್' ಅಂತ ಮುಗಿಯುತ್ತಿತ್ತು. ಆಮೇಲೆ 'ಕರ್ನಾಟಕ ಡಾಟ್ ಗವ್ ಡಾಟ್ ಇನ್' ಆಯಿತು. ನಗರಕ್ಕೆ ಬಂದರೆ, 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆ ಬಂದವು. ಬೋರ್ಡ್ ಬದಲಾದಾಗ ವೆಬ್ ವಿಳಾಸವನ್ನೂ ಬದಲಾಯಿಸುವುದು ನಮ್ಮ ಕಚೇರಿಗಳ ರೂಢಿ.

ಇದು ಸೈಟಿನ ಹೆಸರಿಗೆ ಮಾತ್ರ ತಗಲುವ ರೋಗ ಅಲ್ಲ, ಸೈಟಿನ ಒಳಗಿನ ಪಟ್ಟಿಗೂ ತಗಲುತ್ತದೆ. ಮಾಗಡಿ ಕಡೆಯ ಒಂದು ಮನೆತನ ಅಂದುಕೊಳ್ಳಿ. ಅಜ್ಜನ ಕಾಲದ ಕಾಗದದಲ್ಲಿ ಜಿಲ್ಲೆ ಬೆಂಗಳೂರು. 1986ರ ಮೇಲಿನದರಲ್ಲಿ ಬೆಂಗಳೂರು ಗ್ರಾಮಾಂತರ. 2007ರ ಮೇಲೆ ರಾಮನಗರ. 2025ರಲ್ಲಿ ಬೆಂಗಳೂರು ದಕ್ಷಿಣ. ಊರು ಒಂದಡಿಯೂ ಕದಲಿಲ್ಲ! ರಾಮನಗರ ಪಟ್ಟಣದವರಾದರೆ ಇನ್ನೂ ಹಿಂದಿನ ಕಾಗದಗಳಲ್ಲಿ ಕ್ಲೋಸ್‌ಪೇಟೆ ಅಂತ ಹುಡುಕಬೇಕು. ಜಿಲ್ಲೆಯ ಹೆಸರಿನಿಂದ ಶುರುವಾಗುವ ಯಾವುದೇ ಸರ್ಕಾರಿ ಪೋರ್ಟಲ್‌ನಲ್ಲಿ ಒಂದೇ ಹೊಲದ ದಾರಿ ಹೀಗೆ ಪದೇಪದೇ ಬದಲಾಗುತ್ತದೆ.

ಇಟಲಿಯಲ್ಲೂ ಇದೇ ಆಯಿತು. ಅಲ್ಲಿ ಜನನ, ಮದುವೆ, ಮರಣದ ಹಳೆಯ ಪುಸ್ತಕಗಳಿಗೆ ಆಂಟೆನಾತಿ ಅಂತ ಒಂದು ಸರ್ಕಾರಿ ತಾಣ ಇದೆ. 2021ರಲ್ಲಿ ಆ ದೇಶದ ಸಂಸ್ಕೃತಿ ಸಚಿವಾಲಯದ ಹೆಸರು ಬದಲಾಯಿತು, ಅದರ ವೆಬ್ ವಿಳಾಸವೂ ಬದಲಾಯಿತು. ಅದೇ ವರ್ಷದ ಕೊನೆಗೆ ಆಂಟೆನಾತಿಯ ಹೊಸ ತಾಣ ಬಂತು. ಪ್ರಪಂಚದ ತುಂಬ ಇರುವ ಇಟಲಿ ಮೂಲದವರ ವಂಶವೃಕ್ಷಗಳಲ್ಲಿದ್ದ ಹಳೆಯ ಲಿಂಕ್‌ಗಳು ಕೆಟ್ಟುಹೋದವು. ಒಂದು ಒಳ್ಳೆಯದೂ ಆಯಿತು. ಹೊಸ ತಾಣದಲ್ಲಿ ಪ್ರತಿ ಪುಸ್ತಕಕ್ಕೂ 'ಆರ್ಕ್' ಅನ್ನುವ ಶಾಶ್ವತ ಗುರುತು ಕೊಟ್ಟರು.

ಈ ಆರ್ಕ್ 2001ರಲ್ಲಿ ಕ್ಯಾಲಿಫೋರ್ನಿಯಾ ಡಿಜಿಟಲ್ ಲೈಬ್ರರಿಯಲ್ಲಿ ಹುಟ್ಟಿದ ಪದ್ಧತಿ. ವಿಳಾಸದ ಮಧ್ಯೆ 'ಆರ್ಕ್' ಅಂತ ಇರುತ್ತದೆ, ಪಕ್ಕದಲ್ಲಿ ಸಂಸ್ಥೆಯ ನಂಬರ್. ಆಂಟೆನಾತಿಯದು 12657, ಫ್ಯಾಮಿಲಿಸರ್ಚ್ ಅನ್ನುವ ವಂಶಾವಳಿ ತಾಣದ್ದು 61903. ಮನೆ ಬದಲಾಯಿಸಿದರೂ ಆಧಾರ್ ನಂಬರ್ ಬದಲಾಗುವುದಿಲ್ಲ ಅಲ್ವಾ, ಹಾಗೇ ಇದು. ಆದರೆ ಹೊಸ ಮನೆಯ ವಿಳಾಸವನ್ನು ಯಾರಾದರೂ ತಿದ್ದಿಸಬೇಕು. ಸಂಸ್ಥೆಯೇ ಆಸಕ್ತಿ ಕಳೆದುಕೊಂಡರೆ ಶಾಶ್ವತ ಲಿಂಕೂ ಉಳಿಯುವುದಿಲ್ಲ.

ಫ್ಯಾಮಿಲಿಸರ್ಚ್ ಹೆಸರು ಬಂತು, ಅಲ್ಲಿ ಸ್ವಲ್ಪ ನಿಲ್ಲಬೇಕು. ಅದನ್ನು ನಡೆಸುವ ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಮಾರ್ಮನ್ ಚರ್ಚಿನವರು 1938ರಿಂದ ಪ್ರಪಂಚದ ದಾಖಲೆಗಳನ್ನು ಮೈಕ್ರೋಫಿಲ್ಮ್ ಮಾಡಿದರು. ಸುಮಾರು 24 ಲಕ್ಷ ಸುರುಳಿಗಳನ್ನು ಡಿಜಿಟಲ್ ಮಾಡುವ ಕೆಲಸ 2021ರಲ್ಲಿ ಮುಗಿಯಿತು. ಹರಿದ್ವಾರದ ಪಂಡಾಗಳು ಯಾತ್ರಿಕರ ವಂಶಾವಳಿ ಬರೆದಿಡುವ ಬಹಿ ಪುಸ್ತಕಗಳ ಫಿಲ್ಮ್ ಕೂಡ ಅಲ್ಲಿದೆ. ಇಲ್ಲಿ ಲಿಂಕ್ ಸಾಯುವುದು ಅಪರೂಪ. ಆದರೆ ಲಿಂಕ್ ತೆರೆದರೂ ಚಿತ್ರ ತೆರೆಯದೆ ಇರಬಹುದು. ದಾಖಲೆಯ ಮೂಲ ಒಡೆಯರ ಜೊತೆ ಮಾಡಿಕೊಂಡ ಕರಾರಿನ ಪ್ರಕಾರ ಕೆಲವು ಪುಸ್ತಕಗಳನ್ನು ಮನೆಯಿಂದ ನೋಡಲು ಬಿಡುವುದಿಲ್ಲ, ಅವರ ಕೇಂದ್ರಕ್ಕೆ ಹೋಗಿಯೇ ನೋಡಬೇಕು. ಕರಾರು ಬದಲಾದರೆ ನಿನ್ನೆ ಕಂಡ ಚಿತ್ರಕ್ಕೆ ಇವತ್ತು ಬೀಗ. ಅದಕ್ಕೇ ಇಲ್ಲಿ ಲಿಂಕ್ ಜೊತೆಗೆ ಫಿಲ್ಮ್ ನಂಬರ್, ಚಿತ್ರಗಳ ಗುಂಪಿನ ನಂಬರ್, ಎಷ್ಟನೇ ಚಿತ್ರ, ಪುಸ್ತಕದ ಪುಟ ಎಷ್ಟು ಅನ್ನುವುದು ನಾಲ್ಕೂ ಬೇಕು. ಎಷ್ಟನೇ ಚಿತ್ರ ಅನ್ನುವುದಕ್ಕೂ ಎಷ್ಟನೇ ಪುಟ ಅನ್ನುವುದಕ್ಕೂ ಸಂಬಂಧ ಇರುವುದಿಲ್ಲ. ಎರಡನ್ನೂ ಒಂದೇ ಅಂದುಕೊಂಡು ಬರೆದರೆ ಮುಂದೆ ಹುಡುಕುವವರು ತಲೆ ಚಚ್ಚಿಕೊಳ್ಳಬೇಕಾಗುತ್ತದೆ.

ನಮ್ಮ ಹಳ್ಳಿಯ ಕಡೆ ಬೇರು ಇರುವವರಿಗೆ ಇವೆಲ್ಲಕ್ಕಿಂತ ದೊಡ್ಡ ದಾಖಲೆ ಪಹಣಿ. 2000ದ ಆಸುಪಾಸಿನಲ್ಲಿ ಬಂದ 'ಭೂಮಿ' ಯೋಜನೆ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿತು. ದೇಶವೇ ಮಾದರಿ ಅಂದುಕೊಂಡ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ವಂಶಾವಳಿ ಹುಡುಕುವವರಿಗೆ ಅದರಲ್ಲಿ ಒಂದು ತೊಡಕಿದೆ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ ಅಂತ ಒಂದೊಂದೇ ಆರಿಸಿಕೊಂಡು ಹೋದ ಮೇಲೆ ಪಹಣಿ ಕಾಣುತ್ತದೆ. ಮೇಲೆ ವಿಳಾಸದ ಪಟ್ಟಿ ನೋಡಿದರೆ ಕನಕಪುರದ ಹೊಲಕ್ಕೂ ಕಲಬುರಗಿಯ ಹೊಲಕ್ಕೂ ಅದೇ ವಿಳಾಸ! ಅದನ್ನು ನಕಲು ಮಾಡಿ ಕಳಿಸಿದರೆ ತೆರೆಯುವುದು ಖಾಲಿ ಅರ್ಜಿಯ ಪುಟ. ಅಂದರೆ ಲಿಂಕ್ ಕೊಡಲು ಇಲ್ಲಿ ಏನೂ ಇಲ್ಲ.

ಇನ್ನೂ ದೊಡ್ಡ ವಿಷಯ, ದಾಖಲೆಯೇ ಬದಲಾಗುತ್ತದೆ. ಪಹಣಿಯ 9ನೇ ಕಾಲಂನಲ್ಲಿ ಇವತ್ತಿನ ಹಿಡುವಳಿದಾರರ ಹೆಸರು. ಪೌತಿ ಖಾತೆ ಆದ ದಿನ ಅಲ್ಲಿಂದ ಅಜ್ಜನ ಹೆಸರು ಹೋಗಿ ಮಕ್ಕಳ ಹೆಸರು ಕೂರುತ್ತದೆ. ಪೋಡಿ ಆದರೆ, ಅಂದರೆ ಜಮೀನು ಅಳೆದು ಭಾಗ ಮಾಡಿದರೆ, ಹಿಸ್ಸಾ ನಂಬರೇ ಬೇರೆ. ವಂಶ ಹುಡುಕುವವರು ಕಣ್ಣಿಡಬೇಕಾದ್ದು 10ನೇ ಕಾಲಂ ಮೇಲೆ. ಜಮೀನು ಹೇಗೆ ಬಂತು ಅನ್ನುವುದು, ಎಂ.ಆರ್. ಅಂದರೆ ಮ್ಯುಟೇಷನ್ ರಿಜಿಸ್ಟರ್ ನಂಬರ್, ವರ್ಷ ಅಲ್ಲಿರುತ್ತದೆ. ಆ ನಂಬರ್ ಹಿಡಿದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಹೋದರೆ ಯಾರು ತೀರಿಕೊಂಡರು, ವಾರಸುದಾರರು ಯಾರು ಅನ್ನುವ ಸಾಲು ಸಿಗುತ್ತದೆ. ಅಲ್ಲಿಂದ ಹಿಂದಿನ ಎಂ.ಆರ್., ಅದಕ್ಕೂ ಹಿಂದೆ ಇಂಡೆಕ್ಸ್ ಆಫ್ ಲ್ಯಾಂಡ್ಸ್ ಅನ್ನುವ ಹಳೆಯ ಜಮೀನು ದಾಖಲೆ. ಹೀಗೆ ಒಂದು ಎಳೆ ಹಿಡಿದು ಮೂರು ನಾಲ್ಕು ತಲೆಮಾರು ಹೋಗಬಹುದು. ಗ್ರೂಪಿಗೆ ಸೈಟಿನ ಲಿಂಕ್ ಹಾಕುವ ಬದಲು 'ಇಂಥ ಗ್ರಾಮ, ಇಂಥ ಸರ್ವೆ ನಂಬರ್, ಇಂಥ ಸಾಲಿನ ಪಹಣಿ, ಎಂ.ಆರ್. ಇಷ್ಟು' ಅಂತ ಒಂದು ಸಾಲು ಬರೆದರೆ ಅದು ಐವತ್ತು ವರ್ಷವಾದರೂ ಕೆಲಸಕ್ಕೆ ಬರುತ್ತದೆ.

ಕಡತದ ನಂಬರೇ ಇಲ್ಲದ ದಾಖಲೆಗಳೂ ನಮ್ಮಲ್ಲಿವೆ. ಹೆಳವರ ಪುಸ್ತಕ ಅಂಥದ್ದು. ಊರೂರು ಸುತ್ತಿ, ಮನೆಮನೆಯ ವಂಶ ಹೇಳಿ, ಕಾಳುಕಡ್ಡಿ ಪಡೆದು ಹೋಗುವವರು ಅವರು. ಈಗ ಹೆಳವರು ಬಂದಾಗ ಆ ಪುಟದ ಫೋಟೊ ತೆಗೆದು ಗ್ರೂಪಿಗೆ ಹಾಕುವುದು ಶುರುವಾಗಿದೆ. ಒಳ್ಳೆಯದೇ. ಆದರೆ ಆ ಹೆಳವರ ಊರು ಯಾವುದು, ಯಾವ ತಿಂಗಳು ಬಂದಿದ್ದರು, ಯಾರ ಮನೆಯಲ್ಲಿ ಪುಸ್ತಕ ಬಿಚ್ಚಿದರು ಅನ್ನುವುದನ್ನು ಫೋಟೊ ಜೊತೆಯಲ್ಲೇ ಬರೆಯಬೇಕು. ಆ ಪುಸ್ತಕಕ್ಕೆ ಮತ್ತೆ ಹೋಗಲು ಇರುವ ಗುರುತು ಅದೊಂದೇ.

ಸತ್ತ ಲಿಂಕಿಗೆ ಔಷಧಿ ಅಂತ ಎಲ್ಲರೂ ಹೇಳುವುದು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್. ನಿಜವಾಗಿಯೂ ದೊಡ್ಡ ಉಪಕಾರ. 2025ರ ಅಕ್ಟೋಬರ್ ಹೊತ್ತಿಗೆ ಅಲ್ಲಿ ಒಂದು ಲಕ್ಷ ಕೋಟಿ ಪುಟ ಸೇರಿದ್ದವು. ಹಳೆಯ ವಿಳಾಸ ಹಾಕಿದರೆ ಆ ಪುಟ ಯಾವ್ಯಾವ ದಿನ ಹೇಗಿತ್ತು ಅಂತ ತೋರಿಸುತ್ತದೆ. ಪುಟವನ್ನು ನಾವೇ ಅಲ್ಲಿ ಉಳಿಸಿ ಬರಲೂಬಹುದು. ಆದರೆ ಲಾಗಿನ್ ಆಗಿ ನೋಡುವ ಪುಟ ಅದಕ್ಕೆ ಕಾಣುವುದಿಲ್ಲ. ಪಟ್ಟಿಯಿಂದ ಒಂದೊಂದೇ ಆರಿಸಿಕೊಂಡು ಹೋಗುವ ಪಹಣಿಯಂಥ ಪುಟವೂ ಕಾಣುವುದಿಲ್ಲ. ದೊಡ್ಡದು ಮಾಡಿ ನೋಡುವ ಸ್ಕ್ಯಾನ್ ಚಿತ್ರಗಳು ಎಷ್ಟೋ ಸಲ ತುಂಡುತುಂಡಾಗಿ ಬರುತ್ತವೆ, ಇಲ್ಲವೇ ಬರುವುದೇ ಇಲ್ಲ. ನಮಗೆ ಬೇಕಾದ ಪುಟಗಳು ಬಹುಪಾಲು ಈ ಜಾತಿಯವೇ. 2024ರ ಅಕ್ಟೋಬರ್‌ನಲ್ಲಿ ಇಂಟರ್ನೆಟ್ ಆರ್ಕೈವ್ ಮೇಲೂ ದಾಳಿಯಾಗಿ 3.1 ಕೋಟಿ ಖಾತೆಗಳ ವಿವರ ಸೋರಿತು, ಕೆಲವು ದಿನ ಸೈಟ್ ನಿಂತಿತ್ತು. ಉಳಿಸುವವರನ್ನೂ ಯಾರೋ ಉಳಿಸಬೇಕು!

ಮೂಲ ಲಿಂಕ್ ಬಿಟ್ಟು ಚಿಕ್ಕದು ಮಾಡಿದ ಲಿಂಕ್ ಕಳಿಸುವವರಿಗೆ ಒಂದು ಮಾತು. ಗೂಗಲ್ ತನ್ನ ಚಿಕ್ಕ ಲಿಂಕ್ ಸೇವೆಯನ್ನು 2025ರ ಆಗಸ್ಟ್ 25ಕ್ಕೆ ನಿಲ್ಲಿಸುವುದಾಗಿ ಹೇಳಿತ್ತು. ಕೊನೆಗೆ ಸ್ವಲ್ಪ ಮೆತ್ತಗಾಗಿ, ಓಡಾಟ ಇಲ್ಲದ ಲಿಂಕ್‌ಗಳನ್ನು ಮಾತ್ರ ತೆಗೆಯುತ್ತೇವೆ ಅಂದಿತು. ಕುಟುಂಬದ ಗ್ರೂಪಿನ ಲಿಂಕಿಗೆ ಎಷ್ಟು ಓಡಾಟ ಇರುತ್ತದೆ ಹೇಳಿ.

ಅದಕ್ಕಿಂತ ಹತ್ತಿರದ ಅಪಾಯ ಗೂಗಲ್ ಡ್ರೈವ್. ಬಹಳ ಮನೆಗಳಲ್ಲಿ ನಡೆಯುವುದು ಇಷ್ಟೇ: ನಿವೃತ್ತರಾದ ದೊಡ್ಡಪ್ಪನೋ ಮಾವನೋ ಎಲ್ಲ ದಾಖಲೆ ಸ್ಕ್ಯಾನ್ ಮಾಡಿ, ತಮ್ಮ ಡ್ರೈವ್‌ಗೆ ಹಾಕಿ, ಎಲ್ಲರಿಗೂ ಲಿಂಕ್ ಕೊಟ್ಟಿರುತ್ತಾರೆ. ಎರಡು ವರ್ಷ ಬಳಸದ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. ದೊಡ್ಡಪ್ಪ ತೀರಿಕೊಂಡರೆ, ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲದಿದ್ದರೆ, ಎರಡು ವರ್ಷದ ಮೇಲೆ ಆ ಲಿಂಕಿನ ಹಿಂದೆ ಏನೂ ಉಳಿಯದೆ ಹೋಗಬಹುದು. ಖಾತೆ ನಿಂತುಹೋದರೆ ಯಾರಿಗೆ ತಲುಪಬೇಕು ಅಂತ ಮೊದಲೇ ಗುರುತು ಮಾಡುವ ಅವಕಾಶ ಅದರ ಸೆಟ್ಟಿಂಗ್ಸ್‌ನಲ್ಲೇ ಇದೆ. ಹಬ್ಬಕ್ಕೆ ಎಲ್ಲರೂ ಸೇರಿದಾಗ ಐದು ನಿಮಿಷದ ಕೆಲಸ ಅದು. ಎಲ್ಲ ಚಿತ್ರಗಳ ಪ್ರತಿ ಇನ್ನಿಬ್ಬರ ಮನೆಯ ಹಾರ್ಡ್ ಡಿಸ್ಕಿನಲ್ಲಿ ಇದ್ದರೆ ಇನ್ನೂ ಒಳ್ಳೆಯದು.

ಹಾಗಾದರೆ ಟಿಪ್ಪಣಿ ಬರೆಯುವುದು ಹೇಗೆ? ಮೊದಲು ದಾಖಲೆ ಎಲ್ಲಿದೆ ಅನ್ನುವುದು: ಕಚೇರಿ ಅಥವಾ ಪತ್ರಾಗಾರದ ಹೆಸರು. ಆಮೇಲೆ ಸರಣಿ, ಕಡತ ಅಥವಾ ಸಂಪುಟದ ನಂಬರ್, ವರ್ಷ, ಪುಟ. ಆಮೇಲೆ ಅದರಲ್ಲಿ ಏನಿದೆ ಅನ್ನುವುದನ್ನು ಇದ್ದ ಕಾಗುಣಿತದಲ್ಲೇ ಎರಡು ಸಾಲು. ವೆಂಕಟಪ್ಪನನ್ನು 'ವೆಂಕಟಾಪಾ' ಅಂತ ಬರೆದಿದ್ದರೆ ಹಾಗೇ ಬರೆಯಿರಿ, ಮುಂದಿನವರು ಹುಡುಕುವುದು ಅದೇ ಕಾಗುಣಿತದಲ್ಲಿ. ಕೊನೆಗೆ ಲಿಂಕ್, ನೋಡಿದ ದಿನದ ಜೊತೆ. ಚಿತ್ರ ಉಳಿಸುವಾಗ ಫೈಲಿನ ಹೆಸರಲ್ಲೇ ಈ ಕಡತದ ನಂಬರ್ ಇರಲಿ. 'ಐಎಂಜಿ 4402' ಅಂತ ಬಿಟ್ಟರೆ ಒಂದು ವರ್ಷದಲ್ಲಿ ನಿಮಗೇ ಗೊತ್ತಾಗುವುದಿಲ್ಲ.

ಜಮೀನಿನ ವ್ಯಾಜ್ಯಕ್ಕೂ ಇದೇ ವಂಶವೃಕ್ಷ ಬೇಕಾಗುವುದಾದರೆ ಇಷ್ಟು ಸಾಲದು. ಕೋರ್ಟಿನಲ್ಲಿ ಸೈಟಿನ ಪ್ರಿಂಟ್ ತೆಗೆದು ಕೊಟ್ಟರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಕೇಳುತ್ತಾರೆ. ಕಚೇರಿಯಿಂದ ದೃಢೀಕೃತ ನಕಲು ತೆಗೆಸುವುದೇ ಸುಲಭ. ನಕಲಿಗೆ ಅರ್ಜಿ ಹಾಕಲು ಬೇಕಾಗುವುದೂ ಲಿಂಕ್ ಅಲ್ಲ, ಕಡತದ ನಂಬರ್.

ಇಷ್ಟೆಲ್ಲ ಭಾರ ಹುಡುಕುವವರ ತಲೆಗೇ ಹೊರಿಸುವುದು ನ್ಯಾಯ ಅಲ್ಲ. ಸರ್ಕಾರಿ ವೆಬ್‌ಸೈಟ್‌ಗಳಿಗೆ 2009ರಿಂದ ಮಾರ್ಗಸೂಚಿ ಇದೆ, ಮುರಿದ ಲಿಂಕ್ ಇರಬಾರದು ಅನ್ನುವುದು ಅದರಲ್ಲೇ ಇದೆ. ಆದರೆ ಡಿಜಿಟಲ್ ಮಾಡುವುದು ಅಂದರೆ ನಮ್ಮಲ್ಲಿ ಟೆಂಡರ್ ಕೆಲಸ ಅಂತಲೇ ಲೆಕ್ಕ. ಎಷ್ಟು ಪುಟ ಸ್ಕ್ಯಾನ್ ಆಯಿತು ಅನ್ನುವುದರ ಮೇಲೆ ಬಿಲ್ ಆಗುತ್ತದೆ. ಆ ಪುಟದ ವಿಳಾಸ ಹತ್ತು ವರ್ಷ ನಡೆಯಿತಾ ಅಂತ ಯಾರೂ ಕೇಳುವುದಿಲ್ಲ. ಹೊಸ ಟೆಂಡರ್ ಬಂದರೆ ಹೊಸ ಕಂಪನಿ, ಹೊಸ ಸಾಫ್ಟ್‌ವೇರ್, ಹೊಸ ವಿಳಾಸ. ಶಾಶ್ವತ ನಂಬರ್ ಕೊಡಬೇಕು, ಹಳೆಯ ವಿಳಾಸವನ್ನು ಹೊಸದಕ್ಕೆ ತಿರುಗಿಸಬೇಕು ಅನ್ನುವ ಎರಡು ಸಾಲು ಟೆಂಡರಿನಲ್ಲೇ ಸೇರಿಸಿದರೆ ಈ ಗೋಳು ಬಹಳಷ್ಟು ತಪ್ಪುತ್ತದೆ. ಆರ್ಕ್ ನಂಬರಿಗೆ ದುಡ್ಡೂ ಕೊಡಬೇಕಿಲ್ಲ.

ಇದನ್ನು ಈಗಲೇ ಹೇಳಲು ಕಾರಣ ಇದೆ. 2024ರಿಂದ ಭೂ ಸುರಕ್ಷಾ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮಿನ ಹಳೆಯ ಕಡತಗಳ ಸ್ಕ್ಯಾನಿಂಗ್ ಶುರುವಾಗಿದೆ. ಶಾನುಭೋಗರ ಕೈಬರಹದ ಕಾಲದಿಂದ ಬಂದ ಕಾಗದಗಳು ಇರುವುದು ಅಲ್ಲೇ. ಈ ಸ್ಕ್ಯಾನ್ ಪ್ರತಿ ತೆಗೆದುಕೊಳ್ಳಲು ಹೋದಾಗ, ಕಡತದ ಹಳೆಯ ನಂಬರ್ ಮತ್ತು ಪುಟದ ಸಂಖ್ಯೆ ಪ್ರತಿಯ ಮೇಲೆ ಇದೆಯಾ ಅಂತ ಕೌಂಟರ್ ಬಿಡುವ ಮುಂಚೆಯೇ ನೋಡಿ. ಇಲ್ಲದಿದ್ದರೆ ಅಲ್ಲಿರುವವರನ್ನೇ ಕೇಳಿ, ಪ್ರತಿಯ ಹಿಂದೆ ಪೆನ್ನಿನಲ್ಲಿ ಬರೆದುಕೊಳ್ಳಿ.